ಗಂಗುಲಪ್ಪನವರ ವಾಚಿನ ನಂಬರು

ಕೋಲಾರದ ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಎರಡು ಮೊಬೈಲ್ ಅಂಗಡಿಗಳ ನಡುವೆ ಕೋದಂಡರಾಮಪ್ಪನವರ ವಾಚ್ ರಿಪೇರಿ ಅಂಗಡಿಯಿದೆ. ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಬಲಗಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಅಷ್ಟೆ. ರಾಮಪ್ಪನವರಿಗೆ ಈಗ ಎಪ್ಪತ್ತೆರಡು. ಬರುವವರಲ್ಲಿ ಮುಕ್ಕಾಲು ಪಾಲು ಸೆಲ್ ಹಾಕಿಸಿಕೊಳ್ಳಲು ಬರುತ್ತಾರೆ. ಸೆಲ್ ಹಾಕುವುದೂ ಒಂದು ಕೆಲಸವೇ ಎಂದು ರಾಮಪ್ಪನವರು ಮೂತಿ ತಿರುಗಿಸುತ್ತಾರೆ, ಆದರೂ ಹಾಕಿಕೊಡುತ್ತಾರೆ.

ಕೀ ಕೊಡುವ ವಾಚುಗಳ ಕಾಲವೇ ಬೇರೆ. ಮುಳಬಾಗಿಲಿನ ಮೇಷ್ಟರು, ಮಾಲೂರಿನ ಸ್ಟೇಷನ್ ಮಾಸ್ಟರು, ಬಸ್ಸಿನ ಕಂಡಕ್ಟರುಗಳು, ಎಲ್ಲರೂ ಬೆಳಗ್ಗೆ ರೇಡಿಯೊ ವಾರ್ತೆಗೆ ವಾಚು ಸರಿಮಾಡಿಕೊಳ್ಳುತ್ತಿದ್ದರು. ಎರಡು ನಿಮಿಷ ಹಿಂದೆ ಬಿದ್ದರೆ ಸಾಕು, ಮಗುವಿಗೆ ಜ್ವರ ಬಂದವರ ಹಾಗೆ ಓಡಿಬರುತ್ತಿದ್ದರು. ನಮ್ಮ ಎಚ್‌ಎಂಟಿ ವಾಚುಗಳಿಗೆ ಜನತಾ, ಸೋನಾ, ಪೈಲಟ್ ಎಂದು ಬಾಯ್ತುಂಬ ಕರೆಯಲು ಹೆಸರುಗಳಿದ್ದವು. ದುಬಾರಿ ಸ್ವಿಸ್ ವಾಚುಗಳ ದೊಡ್ಡಸ್ತಿಕೆ ಬೇರೆ, ಅವುಗಳ ಕುಲಗೋತ್ರವೆಲ್ಲ ನಂಬರಿನಲ್ಲೇ. ಗಣಿ ನಡೆಯುತ್ತಿದ್ದ ದಿನಗಳಲ್ಲಿ ಕೆಜಿಎಫ್‌ನಿಂದ ಅಂಥವೂ ಒಂದೆರಡು ಬರುತ್ತಿದ್ದವು. ಅಂಥದಕ್ಕೊಂದು ಗಾಜು ಬೇಕೆಂದು ಬೆಂಗಳೂರಿನ ಚಿಕ್ಕಪೇಟೆಗೆ ಹೋದರೆ, ಬಿಡಿಭಾಗದ ವ್ಯಾಪಾರಿ ತಲೆ ಕೂಡ ಎತ್ತದೆ ‘ನಂಬರ್ ಹೇಳಿ’ ಎನ್ನುತ್ತಿದ್ದ. ಹೇಳಿ ಹೇಳಿಯೇ ರಾಮಪ್ಪನವರು ಆ ವಿದ್ಯೆ ಕಲಿತರು.

ಅಂಥ ವಾಚಿನ ಪಟ್ಟಿ ಬಿಚ್ಚಿದರೆ, ಪಟ್ಟಿ ಸಿಕ್ಕಿಸುವ ಕೊಂಬುಗಳ ನಡುವಿನ ಸಂದಿಯಲ್ಲಿ ಸಣ್ಣ ಅಂಕಿಗಳು ಕಾಣುತ್ತವೆ. ಹನ್ನೆರಡರ ಕಡೆಯದು ಮಾಡೆಲ್ ನಂಬರು. ಅದು ಮನೆತನದ ಹೆಸರಿದ್ದಂತೆ, ಆ ಬಗೆಯ ವಾಚುಗಳಿಗೆಲ್ಲ ಒಂದೇ. ಆರರ ಕಡೆಯದು ಆ ಒಂದು ವಾಚಿನ ಸ್ವಂತ ನಂಬರು. ಮಾಡೆಲ್ ನಂಬರಿನ ಮೊದಲ ಅಂಕಿಗಳು ಯಾವ ವಂಶವೆಂದು ಹೇಳುತ್ತವೆ, ಕೊನೆಯದು ಯಾವ ಲೋಹವೆಂದು. ಒಂದು ಕಂಪನಿಯಲ್ಲಿ ಕೊನೆಗೆ ಸೊನ್ನೆ ಇದ್ದರೆ ಉಕ್ಕು, ಎಂಟಿದ್ದರೆ ಚಿನ್ನ. ಇನ್ನೊಂದು ಕಂಪನಿಯದು ಇನ್ನೊಂದು ಲೆಕ್ಕ. ಇದನ್ನೆಲ್ಲ ಯಾರಾದರೂ ಕೂತು ಕೇಳುತ್ತಾರೆಂದರೆ ರಾಮಪ್ಪನವರು ಟೀ ತರಿಸುತ್ತಿದ್ದರು. ಈಗ ಕೇಳುವವರಿಲ್ಲ, ಟೀ ಒಬ್ಬರೇ ಕುಡಿಯುತ್ತಾರೆ.

ಕಳೆದ ವರ್ಷ ಮಾವಿನ ಸುಗ್ಗಿ ಮುಗಿದ ಮೇಲೆ ಒಂದು ಬೆಳಗ್ಗೆ, ಐವತ್ತು ದಾಟಿದ ಹೆಂಗಸೊಬ್ಬರು ಬಂದು ಕರವಸ್ತ್ರದ ಗಂಟು ಬಿಚ್ಚಿ ಒಂದು ವಾಚು ಮುಂದಿಟ್ಟರು.

‘ನಾನು ಗೌನಿಪಲ್ಲಿ ಗಂಗುಲಪ್ಪನ ಮಗಳು ಮಾಮ, ಶ್ರೀವಾಣಿ. ನಮ್ಮ ನಾಯನ ಇದನ್ನ ಕಟ್ಟೋದೇ ಬಿಟ್ಬಿಟ್ಟವ್ರೆ.’

ಗೌನಿಪಲ್ಲಿ ಕಡೆ ತೆಲುಗಿನ ಗಾಳಿ ಜಾಸ್ತಿ, ಅಪ್ಪನನ್ನು ನಾಯನ ಎನ್ನುತ್ತಾರೆ. ಗಂಗುಲಪ್ಪನವರ ಮಾವಿನಹಣ್ಣು ಪ್ರತಿ ವರ್ಷ ಗಣಿಯ ಅಧಿಕಾರಿಯೊಬ್ಬರ ಮನೆಗೆ ಹೋಗುತ್ತಿತ್ತು. ಆ ಪುಣ್ಯಾತ್ಮ ನಿವೃತ್ತನಾಗಿ ಊರು ಬಿಡುವಾಗ ತನ್ನ ಕೈಯಿಂದ ಬಿಚ್ಚಿ ಕೊಟ್ಟ ಸ್ವಿಸ್ ವಾಚು ಇದು. ಅದನ್ನೀಗ ಮೊಮ್ಮಗ ಚೈತನ್ಯ ಬೆಂಗಳೂರಿನ ದೊಡ್ಡ ಅಂಗಡಿಯೊಂದಕ್ಕೆ ಒಯ್ದಿದ್ದ. ಸಂದಿಯಲ್ಲಿ ಎರಡೂ ನಂಬರು ಇಲ್ಲ, ಮುಚ್ಚಳದ ಒಳಗಿನ ನಂಬರು ನಂಬಲಾಗದು, ಮುಚ್ಚಳ ಬೇರೆ ವಾಚಿನದೂ ಇರಬಹುದು ಎಂದರಂತೆ. ಹುಡುಗ ಮನೆಗೆ ಬಂದು, ನೆಂಟರೆದುರಿಗೇ ತಾತನ ವಾಚು ಡೂಪ್ಲಿಕೇಟು ಎಂದು ನಕ್ಕಿದ್ದ. ಎಂಬತ್ತೈದರ ಮುದುಕ ಅಂದಿನಿಂದ ಬರಿಗೈಯಲ್ಲಿದ್ದಾರೆ, ಸರಿಯಾಗಿ ಮಾತೂ ಆಡುತ್ತಿಲ್ಲ.

‘ಬೆವರಿಗೆ ನಂಬರ್ ಸವೆದುಹೋಯ್ತು ಅಂತಾರೆ ನಾಯನ. ಯಾರೂ ನಂಬ್ತಿಲ್ಲ. ಇದು ಅಸಲೀನೇ ಅಂತ ನೀವೊಂದು ಚೀಟಿ ಬರ್ಕೊಡಿ ಮಾಮ, ಸಾಕು.’

ಪಟ್ಟಿ ಬಿಚ್ಚುವ ಮುಂಚೆಯೇ ರಾಮಪ್ಪನವರಿಗೆ ಒಳಗೆ ಏನಿಲ್ಲವೆಂಬುದು ಗೊತ್ತಿತ್ತು. ಅಂಗಡಿ ಹಾಕಿದ ಎರಡನೇ ವರ್ಷ ಇದೇ ಶ್ರೀವಾಣಿಯ ಮದುವೆಗೆ ಫಳಫಳ ಹೊಳೆಯಬೇಕೆಂದು ಗಂಗುಲಪ್ಪನವರು ಈ ವಾಚು ತಂದುಕೊಟ್ಟಿದ್ದರು. ಹೊಸ ಪಾಲಿಶ್ ಯಂತ್ರ, ಹೊಸ ಹುರುಪು. ಸಂದಿಯಲ್ಲಿ ನಂಬರು ಕಾಣುತ್ತಿತ್ತು, ಸುತ್ತ ಬೆವರು, ಧೂಳು ಸೇರಿ ಕಪ್ಪುಗಟ್ಟಿತ್ತು. ಅಲ್ಲಿಗೆ ಉಪ್ಪುಕಾಗದ ಮುಟ್ಟಿಸಬಾರದೆಂದು ಗೊತ್ತಿದ್ದೂ, ಇದೊಂದು ಮೂಲೆ ಯಾಕೆ ಕೊಳಕಾಗಿರಬೇಕೆಂದು ಕಡ್ಡಿಗೆ ಕಾಗದ ಸುತ್ತಿ ಎರಡೂ ಕಡೆ ಉಜ್ಜಿದರು. ಒರೆಸಿ ನೋಡಿದರೆ ಕೊಳೆಯ ಜೊತೆ ನಂಬರೂ ಹೋಗಿತ್ತು. ತುಟಿ ಬಿಚ್ಚದೆ ಪಟ್ಟಿ ಹಾಕಿ ಕೊಟ್ಟುಬಿಟ್ಟರು. ರಾಮಪ್ಪನ ಕೈ ತಪ್ಪುವುದಿಲ್ಲ ಎಂದು ಆಮೇಲೆ ನಾಲ್ಕು ತಾಲ್ಲೂಕಿನಲ್ಲಿ ಹೆಸರಾಯಿತು.

ಈಗಲೂ ಬೆವರೇ ಎಂದು ಬರೆದುಕೊಟ್ಟರೆ ಎಲ್ಲರಿಗೂ ಸುಖ. ಪೆನ್ನು ತೆಗೆದರು. ಆದರೆ ಎರಡು ಸಾಲಿನ ಚೀಟಿಗೆ ಬೆಂಗಳೂರಿನವರು ಸೊಪ್ಪು ಹಾಕುವುದಿಲ್ಲ, ಮೊಮ್ಮಗ ಇನ್ನೊಮ್ಮೆ ನಗುತ್ತಾನೆ. ಪೆನ್ನು ಜೇಬಿಗೆ ಸಿಕ್ಕಿಸಿ ಎದ್ದರು.

‘ಚೀಟಿ ಬ್ಯಾಡಮ್ಮ. ನಾನೇ ಬರ್ತೀನಿ, ನಡಿ.’

ಹಾಡುಹಗಲಲ್ಲೇ ಷಟರ್ ಎಳೆದು ಇಬ್ಬರೂ ಶ್ರೀನಿವಾಸಪುರದ ಬಸ್ಸು ಹತ್ತಿದರು. ಅಲ್ಲಿಂದ ಗೌನಿಪಲ್ಲಿಗೆ ಇನ್ನೊಂದು. ದಾರಿಯುದ್ದಕ್ಕೂ ಮಾವಿನ ತೋಪುಗಳಿದ್ದವು, ರಾಮಪ್ಪನವರು ಒಂದನ್ನೂ ನೋಡಲಿಲ್ಲ. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡರು.

ಗಂಗುಲಪ್ಪನವರು ಜಗಲಿಯ ಮೇಲೆ ಕೂತಿದ್ದರು. ಚೈತನ್ಯನೂ ಮನೆಯಲ್ಲೇ ಇದ್ದ. ನೀರು ಕೊಟ್ಟರೆ ರಾಮಪ್ಪನವರು ಕುಡಿಯಲಿಲ್ಲ, ನಿಂತೇ ಹೇಳಿದರು.

‘ಕೇಳಪ್ಪ ಚೈತನ್ಯ. ನಿಮ್ಮ ತಾತನ ವಾಚು ಅಸಲೀದು. ನಂಬರ್ ಇತ್ತು, ನಾನು ಕಣ್ಣಾರೆ ಓದಿದೀನಿ. ಉಜ್ಜಿ ಉಜ್ಜಿ ಅಳಿಸಿದೋನು ನಾನೇ. ಭಯಕ್ಕೆ ನಿಮ್ಮ ತಾತಂಗೂ ಹೇಳ್ಲಿಲ್ಲ. ಯಾವ ಅಂಗಡಿಗೆ ಬೇಕಾದ್ರೂ ಬಂದು ಹೇಳ್ತೀನಿ.’

ಚೈತನ್ಯ ತಲೆ ತಗ್ಗಿಸಿದ. ಗಂಗುಲಪ್ಪನವರ ಮುಖದಲ್ಲಿ ಮಾತ್ರ ಸಮಾಧಾನ ಕಾಣಲಿಲ್ಲ, ಸಿಟ್ಟೇ ಕಂಡಿತು.

‘ಎಲ್ಲಾ ಹಾಳು ಮಾಡಿಬಿಟ್ಟೆಯಲ್ಲೋ ರಾಮಪ್ಪ,’ ಎಂದರು. ‘ನಿನ್ನ ಹತ್ರ ವಾಚ್ ವಾಪಸ್ ಇಸ್ಕೊಂಡ ದಿನವೇ ಪಟ್ಟಿ ಬಿಚ್ಚಿ ನೋಡಿದ್ದೆ ಕಣೋ. ಎಲ್ಲಾರ್ಗೂ ತೋರಿಸ್ತಿದ್ದ ನಂಬರು, ಅಳಿಸಿಹೋದ್ರೆ ನಂಗೆ ಗೊತ್ತಾಗದೆ ಇರುತ್ತಾ? ನೀನಿನ್ನೂ ಹೊಸದಾಗಿ ಅಂಗಡಿ ಹಾಕಿದ್ದೆ. ಊರಿಗೆ ತಿಳಿದಿದ್ರೆ ನಿನ್ನ ಕೈಗೆ ಯಾರು ವಾಚ್ ಕೊಡ್ತಿದ್ರು? ಅದಕ್ಕೇ ಬೆವರು ಅಂತಿದ್ದೆ.’

ಮೂವತ್ತೆರಡು ವರ್ಷ ತಾನು ಬಚ್ಚಿಟ್ಟಿದ್ದನ್ನು ಈ ಮನುಷ್ಯ ತನಗಿಂತ ಜೋಪಾನವಾಗಿ ಬಚ್ಚಿಟ್ಟಿದ್ದರು. ರಾಮಪ್ಪನವರಿಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತರು. ಕೈಮುಗಿಯಲು ಹೋದರೆ ಆಗಲಿಲ್ಲ, ಎರಡೂ ಕೈಗಳನ್ನು ಗಂಗುಲಪ್ಪನವರು ಹಿಡಿದುಕೊಂಡುಬಿಟ್ಟಿದ್ದರು.