‘ಏನೂ ಬ್ಯಾಡ’ ಎಂಬ ಉತ್ತರ

ಬೆಳಿಗ್ಗೆ ಕ್ಲಾಸಿನ ಕಿಟಕಿ ತೆರೆದರೆ ಹೊಲದ ಕಡೆಯಿಂದ ಎಣ್ಣೆಯ ವಾಸನೆ ಬಂತು. ಅಡುಗೆಯದಲ್ಲ, ಬೆಳೆಗೆ ಸಿಂಪಡಿಸುವ ಔಷಧಕ್ಕೆ ನಮ್ಮ ನವಲಗುಂದದ ಕಡೆ ಎಣ್ಣೆ ಎಂದೇ ಹೆಸರು. ಈ ವಾಸನೆ ಬಂದರೆ ಕಿಟಕಿ ಮುಚ್ಚಿಬಿಡುತ್ತೇನೆ. ನನಗೆ ವಾಸನೆ ಆಗಿಬರುವುದಿಲ್ಲ ಎಂದು ಹುಡುಗರು ತಿಳಿದಿದ್ದಾರೆ. ಆಗಿಬರದಿರುವುದು ವಾಸನೆಯಲ್ಲ, ಅದು ತರುವ ನಾಚಿಕೆ.

ಜಮಖಾನ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಪ್ರೋಗ್ರಾಮಿಂಗ್ ಕಲಿಸುತ್ತೇನೆ. ಬರುವವರೆಲ್ಲ ಹೊಸಬರು. ನಾನೂ ಮಹಾ ಪಂಡಿತನೇನಲ್ಲ; ಅವರಿಗಿಂತ ಒಂದು ಪಾಠ ಮುಂದಿರುತ್ತೇನೆ, ಅಷ್ಟೇ. ಶೈಲಾ ಮಾತ್ರ ನನ್ನನ್ನೂ ದಾಟಿ ಓಡುತ್ತಿದ್ದಳು. ‘ಹಿಂಗಿದ್ರ ಇದನ್ನ ಮಾಡು, ಇಲ್ಲಂದ್ರ ಅದನ್ನ ಮಾಡು’ ಎಂದು ಕಂಪ್ಯೂಟರಿಗೆ ಹೇಳುವ ಪಾಠ ಮುಗಿಯುವುದರೊಳಗೇ, “ಸರ್, ಎರಡೂ ಬ್ಯಾಡಂದ್ರ?” ಎಂದು ಕೇಳಿದವಳು.

ಮುಂದೆ ಆಕೆ ಹುಬ್ಬಳ್ಳಿಯಲ್ಲಿ ಸ್ವಂತ ಕಂಪನಿ ತೆರೆದಳು. ಎಲೆಯ ಫೋಟೊ ತೆಗೆದರೆ ಬೆಳೆಗೆ ಯಾವ ಔಷಧ ಬೇಕೆಂದು ಹೇಳುವ ಆ್ಯಪ್ ಮಾಡಿದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಕಟ್ಟೆಯ ಮೇಲೆ ಕೂತು, ಸಿಕ್ಕವರ ಫೋನಿಗೆಲ್ಲ ನಾನೇ ಹಾಕಿಕೊಟ್ಟೆ. ಬಾಜೂ ಮನೆಯ ಫಕ್ಕೀರಪ್ಪ ಕಾಕಾ ಒಲ್ಲೆ ಎಂದರೂ ಬಿಡಲಿಲ್ಲ.

ಅದೇ ಕಾಕಾ ಒಂದು ಮಧ್ಯಾಹ್ನ ಎಣ್ಣೆ ಹೊಡೆಯುತ್ತಲೇ ತಲೆ ಸುತ್ತಿ ಹೊಲದಲ್ಲಿ ಬಿದ್ದರು. ಆಸ್ಪತ್ರೆಗೆ ಹೋದೆ.

“ಹತ್ತಿ ಎಲಿ ಬಿಸಿಲಿಗೆ ಬಾಡಿತ್ತು, ಮಾಸ್ತರ. ಸಂಜೀಕ ತಾನ ಎದ್ದು ನಿಲ್ತಿತ್ತೇನೋ. ಆದ್ರ ನಿಮ್ಮ ಹುಡುಗಿ ಎಣ್ಣಿ ಹೊಡಿ ಅಂದ್ಲಲ್ಲ,” ಎಂದರು. ದೂರುವ ದನಿ ಅದಾಗಿರಲಿಲ್ಲ. ಅದಕ್ಕೇ ನನಗೆ ಅಲ್ಲಿ ಕೂಡಲಾಗಲಿಲ್ಲ.

ಮರುದಿನ ಹುಬ್ಬಳ್ಳಿ ಬಸ್ಸು ಹತ್ತಿದೆ. ಶೈಲಾ ಕಾಲು ಮುಟ್ಟಿ ನಮಸ್ಕರಿಸಿದಳು, ಚಹಾ ತರಿಸಿದಳು. ಕಾಕಾ ಬಿದ್ದದ್ದನ್ನು ಹೇಳಿ ಕೇಳಿದ್ದಕ್ಕೆ ಏನನ್ನೂ ಮುಚ್ಚಿಡಲಿಲ್ಲ.

“ಮೊದಲ ‘ಏನೂ ಬ್ಯಾಡ, ಹಂಗ ಬಿಡ್ರಿ’ ಅನ್ನೋ ಉತ್ತರಾನೂ ಇತ್ರಿ ಸರ್. ಅದನ್ನ ತಗದ್ವಿ.”

“ಯಾಕವಾ?”

“ಔಷಧ ಮಾರೋರು ಕೊಡೋದ್ರಾಗ ಕಂಪನಿ ನಡೀತದ್ರಿ. ಏನೂ ಬ್ಯಾಡ ಅಂದ್ರ ಅವರ್ಯಾಕ ಕೊಡ್ತಾರ? ನಮ್ಮ ಹುಡುಗರ ಪಗಾರ ಆಗಬೇಕಲ್ರಿ.”

“ಕಾಕಾ ಸತ್ತಿದ್ರ?”

ಆಕೆ ತಲೆ ತಗ್ಗಿಸಿದಳು. “ಅದನ್ನ ತಗದಾಗ ಭಾಳ ದಿನ ನಿದ್ದಿ ಬರ್ಲಿಲ್ರಿ ಸರ್,” ಎಂದಳು. ಚಹಾದ ಕಪ್ಪನ್ನು ನನ್ನತ್ತ ಸರಿಸಿ, “ಆಮ್ಯಾಲ ಬಂತು,” ಎಂದಳು.

ಆ ಉತ್ತರವನ್ನು ತಿರುಗಿ ಹಾಕು ಎಂದೆ. ಆಗೂದಿಲ್ರಿ ಎಂದಳು.

ಊರಿಗೆ ಬಂದು, ಹಾಕಿಕೊಟ್ಟ ಫೋನುಗಳನ್ನೆಲ್ಲ ಕೇಳಿ ಕೇಳಿ ಆ್ಯಪ್ ತೆಗೆಯುತ್ತ ಹೋದೆ. ‘ಏನೂ ಬ್ಯಾಡ’ ಎಂಬ ಉತ್ತರ ಅದರಲ್ಲಿಲ್ಲ ಎಂದು ಕಾರಣ ಹೇಳಿದೆ. “ನಿಮ್ಮ ಕಡೆ ಕಲಿತಾಕಿ ಸುಳ್ಳ ಹೇಳ್ತಾಳೇನ್ರಿ?” ಎಂದು ಕೆಲವರು ತೆಗೆಯಗೊಡಲೇ ಇಲ್ಲ. ಕಾಕಾ ಚೇತರಿಸಿಕೊಂಡರು, ಚಹಾದ ಬಟ್ಟಲು ಹಿಡಿದರೆ ಕೈ ಇನ್ನೂ ನಡುಗುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದನ್ನು ಆಕೆಗೆ ಎಷ್ಟು ಚೆನ್ನಾಗಿ ಕಲಿಸಿದ್ದೆ! ಈ ತಪ್ಪು ಯಾವ ಯಂತ್ರಕ್ಕೂ ಕಾಣುವಂಥದ್ದಲ್ಲ. ಇಂಥ ತಪ್ಪಿನ ಮಾತನ್ನೇ ನಾನು ಪಾಠದಲ್ಲಿ ಎತ್ತಿರಲಿಲ್ಲ.

ಇವತ್ತು ಪಾಠ ಶುರುವಾಗುವ ಮೊದಲು ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. “ಇಕಿನ್ನೂ ಆ ಶೈಲಾನ ಹಂಗ ತಯಾರ ಮಾಡ್ರಿ ಸರ್,” ಎಂದರು. ಹುಡುಗಿ ಆಸೆಯಿಂದ ನನ್ನ ಮುಖ ನೋಡಿದಳು.

“ಕೂಡವಾ,” ಎಂದೆ. ಇಷ್ಟು ವರ್ಷ ಕಲಿಸಿದವನು, ಮೊದಲ ಪಾಠ ಯಾವುದೆಂದು ತಿಳಿಯದೆ ಬೋರ್ಡಿನ ಮುಂದೆ ನಿಂತುಬಿಟ್ಟೆ.