ಗಿರಾಕಿಗಳು ಬಂದ ಭಾನುವಾರಗಳು

ಬೆಳಿಗ್ಗೆ ಹಾಲು ತರಲು ಕೆಳಗಿಳಿದರೆ ಪಾರ್ಕಿಂಗ್ ತುಂಬ ಲಿಂಬೆಹಣ್ಣಿನ ವಾಸನೆ. ಕೆಳಗಿನ ಮನೆಯವರು ಹಿಂದಿನ ಸಂಜೆ ಹೊಸ ಕಾರು ತಂದಿದ್ದರು. ಗಾಲಿಗಳ ಕೆಳಗಿಟ್ಟ ಹಣ್ಣುಗಳು ಅಪ್ಪಚ್ಚಿಯಾಗಿ, ರಸವೆಲ್ಲ ಹೊಸ ಟಯರಿಗೆ ಮೆತ್ತಿಕೊಂಡು, ಹುಳಿಯೂ ರಬ್ಬರೂ ಬೆರೆತ ಒಂದು ವಾಸನೆ... ಹಾಲಿನ ಪಾಕೀಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಎಷ್ಟೋ ದಿನಗಳ ಮೇಲೆ ಕಾಕು ನೆನಪಾದರು.

ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ನಮ್ಮ ಎದುರು ಮನೆಯವರು. ವಿಜಯಪುರದ ಕಡೆಯವರು. ದೌಂಡದಲ್ಲಿ ರೈಲ್ವೆ ನೌಕರಿ ಮಾಡಿ, ನಿವೃತ್ತಿಯಾದ ಮೇಲೆ ಪುಣೆಯ ಧನಕವಡಿಯಲ್ಲಿ ಮಗ ಸೊಸೆಯ ಜೊತೆ ಇದ್ದರು. ಹಾಸನದಿಂದ ಮದುವೆಯಾಗಿ ಬಂದ ನನ್ನ ಕನ್ನಡ ಕೇಳಿ ಮೊದಲ ದಿನವೇ ನಕ್ಕಿದ್ದರು. ನಾನು ಮಾತಾಡಿದರೆ ಮನೆಯಲ್ಲಿ ರೇಡಿಯೋ ಹಚ್ಚಿದ ಹಾಗಾಗುತ್ತದಂತೆ.

ಅವರು ಕಾರು ಕಲಿತದ್ದೇ ನಿವೃತ್ತಿಯ ನಂತರ. ಡ್ರೈವಿಂಗ್ ಸ್ಕೂಲಿನ ಹುಡುಗರು ಆಜಿ ಆಜಿ ಎಂದು ನಗುತ್ತಿದ್ದರಂತೆ. ನಗಲಿ ಬಿಡು ಎಂದು ಕಲಿತರು. ಕಲಿತವರೇ ಯಾರದೋ ಹಳೆಯ, ಹಸಿರು ಬಣ್ಣದ ಸಣ್ಣ ಕಾರು ಕೊಂಡರು. ಮೂರನೇ ಗೇರ್ ದಾಟಿದ್ದನ್ನು ನಾನು ಕಂಡಿಲ್ಲ. ಸಿಗ್ನಲ್ಲಿನಲ್ಲಿ ಕಿಟಕಿ ಇಳಿಸಿ, ಅಡ್ಡ ಬಂದ ರಿಕ್ಷಾದವರಿಗೆ ಮರಾಠಿಯಲ್ಲಿ ಬುದ್ಧಿ ಹೇಳುತ್ತಿದ್ದರು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸಾಯಬೇಕು, ಇವರದು ಮುಗಿಯುತ್ತಿರಲಿಲ್ಲ.

ಆದರೂ ಬಿಲ್ಡಿಂಗಿನ ಹೆಂಗಸರಿಗೆಲ್ಲ ಆ ಕಾರೇ ಗತಿ. ಯಾರಿಗೆ ಸ್ಟೇಷನ್ನಿಗೆ ಹೋಗಬೇಕು, ಯಾರ ಮಗುವಿಗೆ ಜ್ವರ, ಯಾರಿಗೆ ಕ್ಯಾಂಪ್ ಪೇಟೆಯಿಂದ ಸೀರೆ ತರಬೇಕು... ಎಲ್ಲದಕ್ಕೂ ಕಾಕು. ನನಗೆ ಹೆರಿಗೆ ನೋವು ಬಂದ ದಿನ ನನ್ನ ಗಂಡ ಊರಲ್ಲಿರಲಿಲ್ಲ. ಕಾಕು ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕಾತ್ರಜ ರಸ್ತೆಯ ಆ ಗದ್ದಲದಲ್ಲಿ ನುಗ್ಗಿದರು. ಗಾಡಿ ಹೊಲಸಾದರೆ ನೀನೇ ತೊಳೆಯಬೇಕು ನೋಡು ಎಂದು ದಾರಿಯುದ್ದಕ್ಕೂ ಹೆದರಿಸಿದರು. ನೋವಿನಲ್ಲೂ ನಗಿಸಿದ ಪುಣ್ಯಾತ್ಗಿತ್ತಿ.

ಆಮೇಲೆ ಅವರ ಕಣ್ಣು ಕೈಕೊಟ್ಟಿತು. ಮೊದಲು ಗೇಟಿನ ಕಂಬಕ್ಕೆ ಕಾರು ಉಜ್ಜಿತು. ಕಂಬ ಕಟ್ಟಿದವರನ್ನು ಬೈದರು. ಮತ್ತೊಮ್ಮೆ ಉಜ್ಜಿದಾಗ ಮಗ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕಣ್ಣಿನ ಒತ್ತಡ ಹೆಚ್ಚಾಗಿ ಪಕ್ಕದ ನೋಟ ಹೊರಟುಹೋಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಇನ್ನು ಕಾರು ಓಡಿಸಬಾರದು ಎಂದು ಡಾಕ್ಟರು ಹೇಳಿದರು. ಮಗ ಕೀ ತೆಗೆದು ತಮ್ಮ ಕಪಾಟಿನಲ್ಲಿಟ್ಟರು. ಕಾಕು ಜಗಳ ಮಾಡಲಿಲ್ಲ. ನಾಲ್ಕು ದಿನ ಮನೆಯಿಂದ ಹೊರಗೂ ಬರಲಿಲ್ಲ. ಹಾಸಿಗೆ ಹಿಡಿದವರಂತೆ ಆಗಿದ್ದರು.

ಕಾರು ಏನು ಮಾಡುವುದು ಎಂಬ ಮಾತು ಬಂತು. ದಸರೆಗೆ ಎಕ್ಸ್‌ಚೇಂಜಿನಲ್ಲಿ ಕೊಟ್ಟು ಹೊಸದು ತರೋಣ ಎಂದು ಮಗ. ಶೋರೂಮಿನವರೇ ಬಂದು ನೋಡಿ ಒಯ್ಯುತ್ತಾರೆ, ಹೆಸರು ಬದಲಾಯಿಸುವ ರಗಳೆಯೆಲ್ಲ ಅವರದೇ. ನನ್ನ ಗಂಡನೂ ಅದಕ್ಕೇ ತಲೆಯಾಡಿಸಿದ. ಕಾಕು ಮಾತ್ರ ಹೊರಗೇ ಮಾರಬೇಕು ಎಂದು ಪಟ್ಟು ಹಿಡಿದರು. ಶೋರೂಮಿನವರು ಹಳೆಯ ಗಾಡಿಗೆ ಮೂಗು ಮುರಿಯುತ್ತಾರೆ, ಮನೆಗೆ ಬಂದ ಗಿರಾಕಿಗಾದರೆ ಅದರ ಯೋಗ್ಯತೆ ತೋರಿಸಬಹುದು ಎಂಬುದು ಅವರ ವಾದ.

"ಯಾರು ತೋರಿಸ್ತಾರೆ ಕಾಕು?" ಎಂದೆ.

"ಮತ್ತ್ಯಾರು? ಗಾಡಿ ನಂದು, ನಾನ ಓಡಿಸಿ ತೋರಸ್ತೀನಿ."

ಮಗ ಎರಡು ದಿನ ಯೋಚಿಸಿ ಒಪ್ಪಿದರು. ಭಾನುವಾರ ಬೆಳಿಗ್ಗೆ ಜನ ಏಳುವ ಮೊದಲು, ಕಾಲೇಜಿನ ಹಿಂದಿನ ಖಾಲಿ ರಸ್ತೆಯಲ್ಲಿ ಒಂದೇ ಸುತ್ತು, ಗಿರಾಕಿ ಪಕ್ಕದಲ್ಲಿ ಕೂತಿರಬೇಕು ಎಂದು ಕರಾರು. ಕಾರಿನ ಫೋಟೋ ತೆಗೆದು ಫೋನಿನಲ್ಲಿ ಜಾಹೀರಾತು ಹಾಕಿದವಳು ನಾನೇ.

ಮೊದಲ ವಾರ ಯಾರೋ ಬಂದು ನೋಡಿ ಹೋದರು. ಆಮೇಲೆ ಒಂದೆರಡು ಭಾನುವಾರ ಯಾರೂ ಬರಲಿಲ್ಲ. ಮತ್ತೆ ಶುರುವಾಯಿತು ನೋಡಿ, ವಾರಕ್ಕೊಬ್ಬ ಗಿರಾಕಿ. ಕಾಕು ಇಸ್ತ್ರಿ ಸೀರೆ ಉಟ್ಟು ಕೆಳಗಿಳಿಯುವುದನ್ನು ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಒಂದು ಸುತ್ತು ಮುಗಿಸಿ ಬಂದಾಗ ಮುಖ ಕೆಂಪಗೆ, ಹೊಸ ಮದುಮಗಳ ಹಾಗೆ. ಗಿರಾಕಿಗೆ ಉಪ್ಪಿಟ್ಟು, ಚಹಾ. ಅವನು ಹೋದ ಮೇಲೆ ಒಂದಲ್ಲ ಒಂದು ಕೊರತೆ. ಇವನು ಟಯರಿಗೆ ಒದ್ದ. ಅವನು ಬಾಗಿಲು ಧಡ್ಡಂತ ಹಾಕಿದ. ಇನ್ನೊಬ್ಬ ಬಾನೆಟ್ಟನ್ನೇ ತೆಗೆಸಿ ನೋಡಲಿಲ್ಲ, ಗಾಡಿಯ ಮೇಲೆ ಅವನಿಗೆ ಅಕ್ಕರೆ ಇಲ್ಲ.

ನನಗೆ ಗುಟ್ಟು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಎಕ್ಸ್‌ಚೇಂಜ್ ಆದರೆ ಒಂದೇ ಸಲಕ್ಕೆ ಗಾಡಿ ಹೋಯಿತು. ಹೊರಗೆ ಮಾರುವುದಾದರೆ ಗಿರಾಕಿ ಬಂದಾಗಲೆಲ್ಲ ಒಂದು ಸುತ್ತು. ಮಾರುವ ಮನಸ್ಸು ಯಾರಿಗಿತ್ತು? ಒಳಗೊಳಗೇ ನಕ್ಕು ಸುಮ್ಮನಿದ್ದೆ. ಆ ಒಂದು ಸುತ್ತಿಗಾಗಿ ಅವರು ವಾರವಿಡೀ ಗೆಲುವಾಗಿರುತ್ತಿದ್ದರು. ಅದನ್ನು ತಪ್ಪಿಸಲು ನನಗಂತೂ ಮನಸ್ಸಾಗಲಿಲ್ಲ.

ಒಂದು ಭಾನುವಾರ ಕಾಕು ಕೆಳಗಿನಿಂದ ನೇರವಾಗಿ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತರು. ಎಡಗಡೆಯ ಓಣಿಯಿಂದ ಸ್ಕೂಟರಿನ ಮೇಲೆ ಹುಡುಗಿಯೊಬ್ಬಳು ಬಂದಿದ್ದಳಂತೆ. ಗಿರಾಕಿ ಥಟ್ಟನೆ ಹ್ಯಾಂಡ್‌ಬ್ರೇಕ್ ಎಳೆದು ಗಾಡಿ ನಿಲ್ಲಿಸಿದ್ದ. ಯಾರಿಗೂ ಏನೂ ಆಗಿರಲಿಲ್ಲ, ಆ ಹುಡುಗಿ ತಿರುಗಿಯೂ ನೋಡದೆ ಹೋಗಿದ್ದಳು.

"ಹಳದಿ ಓಡಣಿ ಹಾಕಿದ್ಲಂತ," ಎಂದರು ಕಾಕು. "ನನಗ ಏನೂ ಕಾಣಲಿಲ್ಲವಾ. ಅಷ್ಟು ದೊಡ್ಡ ಹುಡುಗಿ ಕಾಣಲಿಲ್ಲ."

ಚಹಾ ಕೊಟ್ಟೆ. ಅರ್ಧ ಕುಡಿದು ಮತ್ತೆ ಹೇಳಿದರು. "ಬಂದವ್ರೆಲ್ಲಾ ಹ್ಯಾಂಡ್‌ಬ್ರೇಕ್ ಮ್ಯಾಲೆ ಕೈ ಇಟ್ಕೊಂಡ ಕೂಡ್ತಾರ. ಒಬ್ಬರೂ ರೇಟ್ ಕಮ್ಮಿ ಮಾಡ್ರಿ ಅನ್ನಂಗಿಲ್ಲ. ಪುಣೆದಾಗ ಚೌಕಾಸಿ ಮಾಡದ ಗಿರಾಕಿ ನೋಡಿಯೇನ ನೀ ಎಲ್ಲ್ಯರ?"

ಹೆದರಿದ್ದಾರೆ, ತಮಾಷೆ ಮಾಡಿ ಮರೆಯುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಅವರೂ ನಕ್ಕರು.

ಅವತ್ತೇ ಸಂಜೆ ಮಗನಿಗೆ ಕಾರನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಡು ಎಂದರು. ಹೊರಗೆ ಮಾರಿದರೆ ಇಲ್ಲೇ ಎಲ್ಲೋ ಓಡಾಡುತ್ತದೆ, ಬೇರೆ ಯಾರೋ ಓಡಿಸುವುದನ್ನು ತಾವು ನೋಡಬೇಕಾಗುತ್ತದೆ, ಶೋರೂಮಿಗೆ ಹೋದರೆ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ ಎಂದು ನನಗೆ ಕಾರಣ ಕೊಟ್ಟರು. ಖಂಡೇನವಮಿಯ ಪೂಜೆ ಮಾಡಿ, ಮರುದಿನ ಚೆಂಡುಹೂವಿನ ಹಾರದ ಸಮೇತ ಕಾರನ್ನು ಕಳಿಸಿದರು. ಅದೇ ದಿನ ಹೊಸ ಕಾರು ಬಂತು, ಲಿಂಬೆಹಣ್ಣು ಇಟ್ಟರು. ಕಾಕು ಮಗನ ಪಕ್ಕದಲ್ಲಿ ಕೂತರು. ಹಿಂದೆ ಕೂತಿದ್ದ ನನಗೆ ಕಾಣುತ್ತಿತ್ತು, ಪ್ರತಿ ಸಿಗ್ನಲ್ಲಿಗೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

ಅವರು ತೀರಿಕೊಂಡು ಈಗ ಎರಡು ವರ್ಷದ ಮೇಲಾಯಿತು.

ಇವತ್ತು ಸಂಜೆ ಅವರ ಮಗ ಪೇಢೆ ಕೊಡಲು ಬಂದಿದ್ದರು, ಕೆಳಗಿನ ಮನೆಯವರು ಹೊಸ ಕಾರಿನ ಖುಷಿಗೆ ಅವರ ಕೈಲಿ ಕಳಿಸಿದ್ದು. ಬೆಳಿಗ್ಗೆ ಕಾಕು ಬಹಳ ನೆನಪಾದರು ಎಂದೆ. ಹೊರಟವರು ಕೂತರು.

"ವೈನಿ, ಒಂದ ಮಾತ ಇಷ್ಟ ದಿನ ಯಾರ ಮುಂದೂ ಹೇಳಿಲ್ಲ," ಎಂದು ಶುರುಮಾಡಿದರು. ಆ ಗಿರಾಕಿಗಳೆಲ್ಲ ಅವರ ಆಫೀಸಿನ ಗೆಳೆಯರಂತೆ. ಜಾಹೀರಾತು ನೋಡಿ ನಿಜವಾಗಿ ಬಂದವರು ಮೊದಲ ವಾರದವರು ಮಾತ್ರ. ಮುಂದಿನ ಭಾನುವಾರಗಳಲ್ಲಿ ಕಾಕು ಬೆಳಗಿನ ಜಾವವೇ ತಯಾರಾಗಿ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕಾದರಂತೆ. ಅದನ್ನು ನೋಡಲಾಗದೆ ಇವರು ವಾರಕ್ಕೊಬ್ಬ ಗೆಳೆಯನನ್ನು ಕರೆಸಿದ್ದರು. ಸುಮ್ಮನೆ ಪಕ್ಕದಲ್ಲಿ ಕೂತಿರು, ಹ್ಯಾಂಡ್‌ಬ್ರೇಕಿನ ಮೇಲಿಂದ ಕೈ ತೆಗೆಯಬೇಡ ಎಂದು ಹೇಳಿ ಕಳಿಸುತ್ತಿದ್ದರು.

"ಅವ್ವಗ ಮೋಸ ಮಾಡಿದೆ ಅನಸ್ತದ್ರಿ. ಹೇಳಬೇಕಂತಿದ್ದೆ... ಆಗಲಿಲ್ಲ."

ನನಗೆ ಆಗ ಹೊಳೆಯಿತು. ಅಡುಗೆಮನೆಯಲ್ಲಿ ಕಾಕು ಆಡಿದ್ದು ತಮಾಷೆಯಾಗಿರಲಿಲ್ಲ. ಚೌಕಾಸಿ ಮಾಡದ ಗಿರಾಕಿಗಳ ಮಾತನ್ನು ಮಗನಿಗೆ ಹೇಳಿದೆ. ಅವರು ನನ್ನನ್ನೇ ನೋಡುತ್ತ, ಇನ್ನೊಮ್ಮೆ ಹೇಳಿರಿ ಎಂದರು. ಇನ್ನೊಮ್ಮೆ ಹೇಳಿದೆ, ಹಾಸನದ ನಾಲಿಗೆಗೆ ಎಷ್ಟು ಸಾಧ್ಯವೋ ಅಷ್ಟು ಕಾಕುವಿನ ಹಾಗೆಯೇ.

"ಹಂಗಾದ್ರ ಅಕಿಗೆ ಗೊತ್ತಿತ್ತು," ಎಂದರು. "ಗೊತ್ತಿದ್ದೂ ನನ್ನ ದೋಸ್ತರಿಗೆಲ್ಲಾ ಒಂದೊಂದ ಕೊಂಕ ತಗದು ಕಳಸ್ಯಾಳ."

ನಗಲು ಹೋದವರು ಅತ್ತುಬಿಟ್ಟರು. ನಾನೂ ಅತ್ತೆ. ಇಬ್ಬರು ದೊಡ್ಡವರು ಹೀಗೆ ಪೇಢೆ ಮುಂದಿಟ್ಟುಕೊಂಡು ಅಳುವುದನ್ನು ನೋಡಿದ್ದರೆ ಕಾಕು ಇಬ್ಬರಿಗೂ ಸೇರಿಸಿ ಬೈಯುತ್ತಿದ್ದರು. ಬೈಯಲು ಅವರು ಇರಬೇಕಿತ್ತು.