ತಿಪ್ಪಮ್ಮ ಹೊರಗೆ ಕೂತದ್ದು

ನಮ್ಮ ಯಗಟಿಯ ಎದುರುಮನೆ ತಿಪ್ಪಮ್ಮನಷ್ಟು ಗಟ್ಟಿ ಹೆಂಗಸನ್ನು ನಾನು ಕಂಡಿಲ್ಲ. ನಾಲ್ಕು ಹೆತ್ತಿದ್ದಳು. ನಾಲ್ಕನೆಯದರಲ್ಲಿ ನೆತ್ತರು ನಿಲ್ಲದೆ, ಗಾಡಿಯಲ್ಲಿ ಹಾಕಿಕೊಂಡು ಕಡೂರಿಗೆ ಓಡಿದ್ದೆವು. ಇನ್ನೊಂದು ಹೆತ್ತರೆ ಉಳಿಯೋದು ಕಷ್ಟ ಎಂದು ನರ್ಸ್ ದಾಕ್ಷಾಯಣಮ್ಮ ಆಗಲೇ ಹೇಳಿದ್ದರು.

ಆಪರೇಷನ್ ಮಾಡಿಸಬಹುದಿತ್ತು. ಗಂಡ ಕರಿಯಣ್ಣ ಒಪ್ಪಬೇಕಲ್ಲ! ಎಮರ್ಜೆನ್ಸಿಯಲ್ಲಿ ಅವನ ಅಣ್ಣನನ್ನು ಸಂತೆಯಿಂದಲೇ ಜೀಪು ಹತ್ತಿಸಿ, ಕೊಯ್ದು ಕಳಿಸಿದ್ದರು. ಅಂದಿನಿಂದ ಆ ಮನೆಯವರು ಆಪರೇಷನ್ ಅಂದರೆ ಉರಿದುಬೀಳುತ್ತಿದ್ದರು. ಅವರ ಸಿಟ್ಟೇನೋ ನ್ಯಾಯವೇ. ಅನುಭವಿಸುವವಳು ಮಾತ್ರ ತಿಪ್ಪಮ್ಮ.

ಆಗ ನರ್ಸಮ್ಮ ದಿನದ ಲೆಕ್ಕ ಹೇಳಿಕೊಟ್ಟರು. ಮುಟ್ಟಾದ ದಿನದಿಂದ ಎಣಿಸಿಕೊಂಡು, ನಡುವಿನ ದಿನಗಳಲ್ಲಿ ಗಂಡನಿಂದ ದೂರ ಇರಬೇಕು. ಮಾತ್ರೆಯಿಲ್ಲ, ಕತ್ತರಿಯಿಲ್ಲ.

"ಗಂಡಂಗೂ ತಿಳಿಸಿ ಹೇಳಮ್ಮ, ಇದು ಇಬ್ಬರೂ ಸೇರಿ ಮಾಡೋ ಕೆಲಸ" ಎಂದರು.

ಒಳ್ಳೆ ಮಾತೇ. ಆದರೆ ಕುರಿಮಂದೆ ಹೊಡೆದುಕೊಂಡು ಲಕ್ಕವಳ್ಳಿ ಗದ್ದೆಬಯಲಿನವರೆಗೆ ಹೋಗಿ, ತಿಂಗಳುಗಟ್ಟಲೆ ಆದ ಮೇಲೆ ಮನೆಗೆ ಬರುವ ಗಂಡಸಿಗೆ ಇವತ್ತು ಬೇಡ ಅನ್ನುವುದು ಹೇಗೆ? ಒಮ್ಮೆ ಹೇಳಿ ನೋಡಿದಳಂತೆ. "ನಾನೇನು ನರ್ಸಮ್ಮನ್ನ ಕೇಳ್ಕಂಡು ಮನೆಗೆ ಬರಬೇಕೇನೇ?" ಅಂದನಂತೆ.

ಅವಳೇ ಒಂದು ದಾರಿ ಹುಡುಕಿಕೊಂಡಳು. ಭಯದ ದಿನಗಳಲ್ಲಿ ಅವನು ಮನೆಯಲ್ಲಿದ್ದರೆ, ಮುಟ್ಟಾಗದಿದ್ದರೂ "ಹೊರಗಾದೆ" ಅಂದು ಜಗಲಿಯ ಮೂಲೆಗೆ ಚಾಪೆ ಎಳೆದುಕೊಳ್ಳುತ್ತಿದ್ದಳು. ಹೊರಗೆ ಕೂತವಳ ಹತ್ತಿರ ಯಾರು ಹೋಗುತ್ತಾರೆ? ಅತ್ತೆ ಹಾಲಮ್ಮ ದೂರದಿಂದಲೇ ಮುದ್ದೆ ನೂಕುತ್ತಿದ್ದಳು. ತಿಂಗಳಿಗೆ ಎರಡು ಸಲವೇನೇ ಎಂದು ಅತ್ತೆ ಕೇಳಿದರೆ ತಿಪ್ಪಮ್ಮ ಮೈ ಸರಿಯಿಲ್ಲ ಅನ್ನುತ್ತಿದ್ದಳು.

ಎಪ್ಪತ್ತೊಂಬತ್ತರ ಸುಗ್ಗಿಯಲ್ಲಿ ಕರಿಯಣ್ಣ ಬಂದ. ಮೊದಮೊದಲು ಲೆಕ್ಕದ ಪ್ರಕಾರ ಭಯವಿಲ್ಲ ಎಂದು ಜೊತೆಗಿದ್ದಳು. ಆಮೇಲೆ ಹೊರಗೆ ಕೂತಳು. ಅವನು ಗೊಣಗಿಕೊಂಡು, ಬೀದಿಯವರೆಲ್ಲ ನೋಡುತ್ತಿದ್ದಂತೆ, ಮಂದೆಗೆ ಹೊರಟುಹೋದ.

ನರ್ಸಮ್ಮನ ಲೆಕ್ಕ ತಪ್ಪಿತ್ತು. ತಿಪ್ಪಮ್ಮ ಬಸುರಾದಳು.

ಇನ್ನು ಬೀದಿಯವರ ಲೆಕ್ಕ ಶುರುವಾಯಿತು. ಗಂಡ ಹೋಗುವಾಗ ಇವಳು ಹೊರಗೆ ಕೂತಿದ್ದಳು, ಅವನು ತಿರುಗಿ ಬಂದೇ ಇಲ್ಲ, ಹಾಗಾದರೆ ಈ ಬಸುರು ಯಾರದು? ಊರ ಬಾಯಿಗೆ ಬೀಗ ಹಾಕುವವರು ಯಾರು?

ದಾಕ್ಷಾಯಣಮ್ಮ ನನ್ನೆದುರಿಗೇ ಹೇಳಿದರು: "ತರೀಕೆರೆಗೆ ಕರ್ಕೊಂಡ್ಹೋಗ್ತೀನಿ, ತೆಗೆಸಿಬಿಡು. ಜೀವ ದೊಡ್ಡದು."

"ತೆಗ್ಸಿದ್ರೆ ಕಳ್ಳಬಸುರು ಅಂತ ಖಾತ್ರಿ ಆಗೋಯ್ತದೆ ಕಣ್ರವ್ವ. ಇರೋ ನಾಕು ಮಕ್ಳನ್ನೂ ಯಾರವು ಅಂತಾರೆ" ಅಂದಳು ತಿಪ್ಪಮ್ಮ.

ಕರಿಯಣ್ಣ ಬಂದಾಗ ಇದ್ದದ್ದನ್ನು ಇದ್ದಂತೆ ಹೇಳಿದಳು. "ಅವತ್ತು ಹೇಳಿದ್ದು ಸುಳ್ಳೋ, ಇವತ್ತಿಂದು ಸುಳ್ಳೋ?" ಎಂದಳು ಹಾಲಮ್ಮ. ಕರಿಯಣ್ಣ ಬೈಯಲಿಲ್ಲ, ಹೊಡೆಯಲಿಲ್ಲ. "ಹುಟ್ಲಿ, ಮೊಕ ನೋಡಾಣ" ಅಂದ, ಅಷ್ಟೆ. ನನಗೆ ಮೈಯೆಲ್ಲ ಉರಿದುಹೋಯಿತು. ಸಾಯುವೆನೇನೋ ಅನ್ನುವ ಹೆದರಿಕೆಯಲ್ಲೇ ಅವಳು ದಿನ ತುಂಬಿಸಿದಳು.

ಕಡೂರಿನಲ್ಲಿ ಹೆರಿಗೆಯಾಯಿತು. ಮತ್ತೆ ಅದೇ ನೆತ್ತರು. ಬದುಕಿದ್ದೇ ಹೆಚ್ಚು. ಹೆಣ್ಣುಮಗು, ಅಪ್ಪನದೇ ಗಿಡ್ಡ ಮೂಗು, ಅವನದೇ ಅಗಲ ಹಣೆ. ಕರಿಯಣ್ಣ ಎತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟ. "ನಂದೇ ಕಣೇ" ಅಂದ.

"ಮೊಕ ನೋಡ್ಕಂಡ್ಯಲ್ಲ, ಈಗ ಆಪರೇಷನ್‌ಗೆ ಹೆಬ್ಬೆಟ್ಟು ಒತ್ತು" ಅಂದಳು ತಿಪ್ಪಮ್ಮ. ದನಿಯೇ ಬರುತ್ತಿರಲಿಲ್ಲ.

"ಅದೊಂದು ಬ್ಯಾಡ" ಅಂದ. ಪ್ರೀತಿಯಿಂದಲೇ ಅವಳ ತಲೆ ನೇವರಿಸಿ ನಕ್ಕ. "ಇನ್ಮ್ಯಾಕೆ ನೀನು ಹೊರಗೆ ಕೂತ್ರೂ ನಾನು ನಂಬಲ್ಲ, ತಿಳ್ಕ."

"ಹೊರಗಾದೆ ಅಂದಾಗ ಬಟ್ಟೆ ನಾನೇ ನೋಡ್ತೀನಿ ಬಿಡು" ಎಂದು ಹಾಲಮ್ಮನೂ ನಕ್ಕಳು.